ಹಳೇ ಕಾಮಿಕ್ಸ್ ಆನ್‌ಲೈನ್ ಹರಾಜು: ಬಿಡ್ ಹಾಕುವ ಮುಂಚೆ ಏನೇನು ನೋಡಬೇಕು

ಕಾಮಿಕ್ಸ್ ಹರಾಜಿನಲ್ಲಿ ಮೋಸ ಎರಡು ಥರ. ಒಂದು, ಮಾರುವವನ ಹತ್ತಿರ ಪುಸ್ತಕವೇ ಇರುವುದಿಲ್ಲ, ಯಾರದೋ ಫೋಟೋ ಹಾಕಿ ದುಡ್ಡು ಎತ್ತುತ್ತಾನೆ. ಇನ್ನೊಂದು, ಪುಸ್ತಕ ಇರುತ್ತದೆ, ಆದರೆ ಅವನು ಹೇಳಿದ ಪುಸ್ತಕ ಅದಲ್ಲ: ಮರುಮುದ್ರಣವನ್ನು ಮೊದಲ ಮುದ್ರಣ ಅನ್ನುತ್ತಾನೆ, ತೇಪೆ ಹಾಕಿದ್ದನ್ನು ಮುಟ್ಟದ ಪ್ರತಿ ಅನ್ನುತ್ತಾನೆ. ಮೊದಲನೆಯದು ಹೊಸಬರಿಗೆ ಆಗುವ ನಷ್ಟ. ಎರಡನೆಯದು ಹತ್ತು ವರ್ಷದಿಂದ ಸಂಗ್ರಹಿಸುತ್ತಿರುವವರಿಗೂ ಆಗುತ್ತದೆ, ಏಕೆಂದರೆ ಮಾರುವವನು ಒಳ್ಳೆಯವನು ಅಂತ ಗೊತ್ತಾದ ಕೂಡಲೇ ಪುಸ್ತಕವೂ ಸರಿಯಿದೆ ಅಂತ ನಂಬಿಬಿಡುತ್ತೇವೆ. ಮಾರುವವನಿಗೇ ಗೊತ್ತಿಲ್ಲದೆ ತಪ್ಪು ಪುಸ್ತಕ ಮಾರುವುದೂ ಉಂಟು.

ಎರಡನ್ನೂ ಹಿಡಿಯುವ ಒಂದು ಪ್ರಶ್ನೆ ಇದೆ: "ಮುದ್ರಣ ವಿವರ ಇರುವ ಪುಟದ ಫೋಟೋ ಈಗ ತೆಗೆದು ಕಳಿಸ್ತೀರಾ?" ಮುಖಪುಟದ ಫೋಟೋ ಇಂಟರ್ನೆಟ್ಟಿನಲ್ಲಿ ಬೇಕಾದಷ್ಟು ಸಿಗುತ್ತದೆ. ಪ್ರಕಾಶಕರ ಹೆಸರು, ವಿಳಾಸ, ಮುದ್ರಕರು, ಬೆಲೆ ಇರುವ ಆ ಸಣ್ಣಕ್ಷರದ ಮೂಲೆಯನ್ನು ಯಾರೂ ಸುಮ್ಮನೆ ಫೋಟೋ ತೆಗೆದು ಹಾಕುವುದಿಲ್ಲ. ಪುಸ್ತಕ ಕೈಯಲ್ಲಿದ್ದರೆ ಎರಡು ನಿಮಿಷದ ಕೆಲಸ. ಇಲ್ಲದಿದ್ದರೆ "ಪ್ಯಾಕ್ ಮಾಡಿಬಿಟ್ಟಿದೀನಿ", "ಊರಲ್ಲಿದೆ", "ಬಹಳ ಜನ ಕೇಳ್ತಿದಾರೆ, ಬೇಕಾದ್ರೆ ತಗೊಳ್ಳಿ" ಅನ್ನುವ ಉತ್ತರ ಬರುತ್ತದೆ. ಆ ಫೋಟೋ ಬರುವ ತನಕ ಬಿಡ್ ಹಾಕಬೇಡಿ. ಉಳಿದ ತಪಾಸಣೆ ಶುರುವಾಗುವುದೂ ಅದೇ ಫೋಟೋದಿಂದ.

ಸಣ್ಣಕ್ಷರದಲ್ಲಿ ವರ್ಷ ಓದುವುದು

ಭಾರತದ ಹಳೇ ಕಾಮಿಕ್ಸ್‌ನಲ್ಲಿ ಮುದ್ರಣದ ವರ್ಷ ಹಾಕದೇ ಇರುವುದು, ಅಥವಾ ಮರುಮುದ್ರಣದಲ್ಲೂ ಮೂಲ ಕಾಪಿರೈಟ್ ವರ್ಷವನ್ನೇ ಉಳಿಸಿಕೊಳ್ಳುವುದು ಸಾಮಾನ್ಯ. ಹಾಗಾಗಿ "ಒಳಗೆ 1969 ಅಂತ ಇದೆ ನೋಡಿ" ಎಂದರೆ ಏನೂ ಸಾಬೀತಾಗಲಿಲ್ಲ. ವಿಳಾಸ ಮಾತ್ರ ಅಷ್ಟು ಸುಲಭವಾಗಿ ಸುಳ್ಳು ಹೇಳುವುದಿಲ್ಲ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಲಿಸ್ಟಿಂಗ್‌ನಲ್ಲಿ "ಅಮರ ಚಿತ್ರ ಕಥೆ, 1960ರ ದಶಕದ ಮೊದಲ ಮುದ್ರಣ" ಎಂದಿದೆ. ನೀವು ಕೇಳಿದ ಮೇಲೆ ಒಳಪುಟದ ಫೋಟೋ ಬಂತು. ಹಿಗ್ಗಿಸಿ ನೋಡಿದರೆ ಪ್ರಕಾಶಕರ ವಿಳಾಸದ ಕೊನೆಯಲ್ಲಿ ಬಾಂಬೆ, ಅದರ ಮುಂದೆ 400ರಿಂದ ಶುರುವಾಗುವ ಆರಂಕಿಯ ಪಿನ್ ಕೋಡ್. ಪಿನ್ ಕೋಡ್ ದೇಶದಲ್ಲಿ ಜಾರಿಗೆ ಬಂದದ್ದು 1972ರ ಆಗಸ್ಟ್ 15ರಂದು. ಅದಕ್ಕೆ ಮುಂಚೆ "ಬಾಂಬೆ-1", "ಬೆಂಗಳೂರು-9" ಎಂಬಂತೆ ಊರಿನ ಹೆಸರಿನ ಮುಂದೆ ವಲಯದ ಸಂಖ್ಯೆ ಇರುತ್ತಿತ್ತು. ಅಂದರೆ ಈ ಪ್ರತಿ ಅಚ್ಚಾದದ್ದು ಆ ದಿನದ ನಂತರವೇ. ಮೊದಲ ಮುದ್ರಣದ ಮಾತು ಅಲ್ಲಿಗೆ ಮುಗಿಯಿತು. ಬೆಲೆ ಅರ್ಧಕ್ಕಿಂತ ಕೆಳಗಿಳಿಯಬೇಕು, ಅಥವಾ ನೀವು ಹರಾಜಿನಿಂದ ಎದ್ದು ಹೋಗಬೇಕು.

ಇದೇ ಥರದ ಬೇರೆ ಗುರುತುಗಳು: ಪುಸ್ತಕದಲ್ಲಿ ಅಚ್ಚಾದ ವಿತರಕರ ವಿಳಾಸದಲ್ಲಿ ಮೈಸೂರು ರಾಜ್ಯದ ಬದಲು ಕರ್ನಾಟಕ ಎಂದಿದ್ದರೆ 1973ರ ನವೆಂಬರ್ 1ರ ನಂತರದ್ದು. ಬಾಂಬೆ ಹೋಗಿ ಮುಂಬೈ ಬಂದಿದ್ದರೆ ಸಾಮಾನ್ಯವಾಗಿ 1995ರ ಆಚೆ; ಆದರೆ ಕನ್ನಡ, ಮರಾಠಿ ಪುಸ್ತಕಗಳಲ್ಲಿ ಮುಂಬಯಿ, ಮುಂಬೈ ಎಂದು ಮೊದಲಿನಿಂದಲೂ ಬರೆಯುತ್ತಿದ್ದರು, ಇಂಗ್ಲಿಷ್ ಪ್ರತಿಗೆ ಮಾತ್ರ ಈ ಗುರುತು ಹಿಡಿಯಿರಿ. ಐಎಸ್‌ಬಿಎನ್, ಅಂದರೆ ಪುಸ್ತಕದ ಗುರುತಿನ ಸಂಖ್ಯೆ, 978ರಿಂದ ಶುರುವಾಗುವ 13 ಅಂಕಿಯದ್ದಾದರೆ ಬಹುತೇಕ 2007ರ ಸುಮಾರಿನದ್ದು ಅಥವಾ ಅದರಾಚೆಯದ್ದು. ಬೆಲೆಯ ಮುಂದೆ ಈಗಿನ ರೂಪಾಯಿ ಚಿಹ್ನೆ ಇದ್ದರೆ 2010ರ ನಂತರದ್ದು. ವೆಬ್‌ಸೈಟ್ ವಿಳಾಸ ಇದ್ದರೆ ಹೇಳಬೇಕಾದ್ದೇ ಇಲ್ಲ.

ಈ ಗುರುತುಗಳು ಒಂದು ದಿಕ್ಕಿಗೆ ಮಾತ್ರ ಕೆಲಸ ಮಾಡುತ್ತವೆ. ಪಿನ್ ಕೋಡ್ ಇದ್ದರೆ 1972ಕ್ಕಿಂತ ಹಳೆಯದಲ್ಲ ಎಂದು ಹೇಳಬಹುದು. ಇಲ್ಲದಿದ್ದರೆ ಹಳೆಯದು ಎಂದು ಹೇಳಲಾಗದು. ಎಷ್ಟೋ ಪ್ರಕಾಶಕರು ಎಪ್ಪತ್ತರ ದಶಕದ ಉದ್ದಕ್ಕೂ ಹಳೇ ಶೈಲಿಯ ವಿಳಾಸವನ್ನೇ ಮುಂದುವರಿಸಿದ್ದಾರೆ. ಬೆಲೆಯ ಮೇಲೆ ಸ್ಟಿಕ್ಕರ್ ಅಂಟಿಸಿದ್ದರೆ ಅದರ ಕೆಳಗೆ ಏನಿದೆ ಎಂದು ಕೇಳಿ. ಕೀಳಬೇಡಿ ಎಂದೂ ಹೇಳಿ. ಮುಖಪುಟವನ್ನು ಹಿಂದಿನಿಂದ ಬೆಳಕಿಗೆ ಹಿಡಿದು ತೆಗೆದ ಫೋಟೋದಲ್ಲಿ ಕೆಳಗಿನ ಅಂಕಿ ಎಷ್ಟೋ ಸಲ ಕಾಣುತ್ತದೆ.

ಅಮರ ಚಿತ್ರ ಕಥೆಯ ವಿಷಯದಲ್ಲಿ ಬೆಂಗಳೂರಿನವರು ಇನ್ನೊಂದು ಗಮನಿಸಬೇಕು. ಇಂಗ್ಲಿಷ್ ಮಾಲಿಕೆಯ ಎಣಿಕೆ ಶುರುವಾಗುವುದು 11ರಿಂದ, 'ಕೃಷ್ಣ' ಸಂಚಿಕೆಯಿಂದ. ಅದಕ್ಕೆ ಮುಂಚಿನ ಹತ್ತು ಬಂದದ್ದು ಕನ್ನಡದಲ್ಲಿ, ಸಿಂಡರೆಲಾ ಥರದ ಹೊರಗಿನ ಕಥೆಗಳು. ಆದ್ದರಿಂದ "ಇಂಗ್ಲಿಷ್ ಕೃಷ್ಣ, ನಂಬರ್ 1" ಎಂದು ಯಾರಾದರೂ ಬರೆದಿದ್ದರೆ ಅವರಿಗೆ ವಿಷಯ ಗೊತ್ತಿಲ್ಲ, ಇಲ್ಲವೇ ನಿಮಗೆ ಗೊತ್ತಿಲ್ಲ ಅಂದುಕೊಂಡಿದ್ದಾರೆ. ಮುಂದೆ ಮರುಮುದ್ರಣಗಳಿಗೆ 501ರಿಂದ ಹೊಸ ಎಣಿಕೆ ಕೊಟ್ಟರು. ಐನೂರರ ಆಚೆಯ ಸಂಖ್ಯೆ ಹೊತ್ತ 'ಕೃಷ್ಣ' ಯಾವತ್ತೂ ಮೊದಲ ಮುದ್ರಣವಾಗಲಾರದು. ಕನ್ನಡದ ಆ ಮೊದಲ ಹತ್ತು ಸಂಚಿಕೆಗಳ ಹೆಸರು ಹೇಳಿಕೊಂಡು ಬರುವ ಲಿಸ್ಟಿಂಗ್ ಕಂಡರೆ ಪ್ರತಿ ಪುಟದ ಫೋಟೋ ಕೇಳಿ, ನಾಚಿಕೆ ಬೇಡ. ಇಂದ್ರಜಾಲ ಕಾಮಿಕ್ಸ್ 1964ರಿಂದ 1990ರವರೆಗೆ ನಡೆಯಿತು; ಇದರಲ್ಲಿ ತೊಂದರೆ ಬೇರೆ. ಅವುಗಳ ಸ್ಕ್ಯಾನ್‌ಗಳು ಇಂಟರ್ನೆಟ್ಟಿನಲ್ಲಿ ತುಂಬಿವೆ, ಡಿಜಿಟಲ್ ಪ್ರೆಸ್ಸಿನಲ್ಲಿ ಒಂದೆರಡು ಪ್ರತಿ ಅಚ್ಚು ಹಾಕಿಸುವುದು ಈಗ ಯಾವ ಬಡಾವಣೆಯಲ್ಲೂ ಕಷ್ಟವಲ್ಲ. ಅದನ್ನು ಹಿಡಿಯುವ ಬಗೆ ಮುಂದೆ ಇದೆ.

ಅಮೆರಿಕದ ಪುಸ್ತಕವಾದರೆ

ಮುಖಪುಟದ ಬೆಲೆಯೇ ಮೊದಲ ಜರಡಿ. ಮಾಮೂಲಿ ಗಾತ್ರದ ಸಂಚಿಕೆಗಳು 1961ರ ಕೊನೆಯ ತನಕ 10 ಸೆಂಟ್, ಆಮೇಲೆ 12, 1969ರಿಂದ 15, 1974ರ ಹೊತ್ತಿಗೆ 25. 1962ರ ಆಗಸ್ಟ್ ತಾರೀಕಿನ ಅಮೇಜಿಂಗ್ ಫ್ಯಾಂಟಸಿ 15 ಎಂದರೆ ಸ್ಪೈಡರ್‌ಮ್ಯಾನ್ ಮೊದಲು ಬಂದ ಸಂಚಿಕೆ, ಬೆಲೆ 12 ಸೆಂಟ್. ಅದೇ ಚಿತ್ರದ ಮೇಲೆ ಬಾರ್‌ಕೋಡ್ ಇದ್ದರೆ ಅದು ಫ್ಯಾಕ್ಸಿಮಿಲಿ, ಪ್ರಕಾಶಕರೇ ಒಪ್ಪಿ ಮಾಡಿದ ಮರುಮುದ್ರಣ. ಸಾಮಾನ್ಯವಾಗಿ ಈಗಿನ ಬೆಲೆಯೂ ಅದರ ಮೇಲೆಲ್ಲೋ ಇರುತ್ತದೆ. ಕೆಲವರು ಫೋಟೋ ತೆಗೆಯುವಾಗ ಆ ಮೂಲೆಗೆ ಬೆರಳು ಅಡ್ಡ ಇಡುತ್ತಾರೆ. ನಾಲ್ಕೂ ಮೂಲೆ ಕಾಣದ ಫೋಟೋ ಲೆಕ್ಕಕ್ಕಿಲ್ಲ.

ಸೂಪರ್‌ಮ್ಯಾನ್‌ನ ಮೊದಲ ಸಂಚಿಕೆ, 1938ರ ಆಕ್ಷನ್ ಕಾಮಿಕ್ಸ್ 1ರ ಕಥೆಯೇ ಬೇರೆ. 1974ರಲ್ಲಿ ಅದರ ಪ್ರಕಾಶಕರಾದ ಡಿಸಿ ಅದನ್ನು ದೊಡ್ಡ ಗಾತ್ರದಲ್ಲಿ ಮರುಮುದ್ರಿಸಿ ಮೇಲೊಂದು ದಪ್ಪ ಹೊದಿಕೆ ಹಾಕಿತ್ತು. ಆ ಹೊದಿಕೆ ಕಿತ್ತರೆ ಒಳಗೆ ಮೂಲದ ಮುಖಪುಟವೇ, 10 ಸೆಂಟ್ ಬೆಲೆಯ ಸಮೇತ. ಫೋಟೋದಲ್ಲಿ ಗಾತ್ರ ತಿಳಿಯುವುದಿಲ್ಲ, ಅದೇ ಮೋಸದ ಬಂಡವಾಳ. ಪಕ್ಕದಲ್ಲಿ ಸ್ಕೇಲ್ ಇಟ್ಟು ಫೋಟೋ ಕೇಳಿ: ಆ ಕಾಲದ ಮೂಲ ಪ್ರತಿ ಸುಮಾರು ಏಳೂಮುಕ್ಕಾಲು ಇಂಚು ಅಗಲ, ಹತ್ತೂವರೆ ಇಂಚು ಎತ್ತರ. ದೊಡ್ಡ ಮರುಮುದ್ರಣ ಹೆಚ್ಚುಕಡಿಮೆ ಹತ್ತು ಇಂಚು ಅಗಲಕ್ಕೆ ಹೋಗುತ್ತದೆ. ಇನ್ನು, ಅಜ್ಜನ ಟ್ರಂಕಿನಲ್ಲಿ ಆಕ್ಷನ್ 1 ಸಿಕ್ಕಿತು, 40 ಸಾವಿರಕ್ಕೆ ಕೊಡ್ತೀನಿ ಅನ್ನುವವರ ಜತೆ ಸ್ಕೇಲಿನ ಮಾತೂ ಬೇಡ. ಆ ಪುಸ್ತಕ ಅಮೆರಿಕದಲ್ಲಿ ಕೋಟಿಗಟ್ಟಲೆ ರೂಪಾಯಿಗೆ ಹೋಗುತ್ತದೆ.

1974ರ ಇನ್‌ಕ್ರೆಡಿಬಲ್ ಹಲ್ಕ್ 181 ಕೊಳ್ಳುವುದಾದರೆ ಓದುಗರ ಪತ್ರಗಳ ಪುಟದ ಫೋಟೋ ಕೇಳಲೇಬೇಕು. ಅಲ್ಲಿ ಕತ್ತರಿಸಿ ಅಂಟಿಸಿಕೊಳ್ಳಲು ಮಾರ್ವೆಲ್ ಒಂದು ಪುಟ್ಟ ಸ್ಟಾಂಪ್ ಅಚ್ಚು ಹಾಕಿತ್ತು, ಆಗಿನ ಮಕ್ಕಳು ಕತ್ತರಿಸಿಯೂ ಬಿಟ್ಟರು. ಹೊರಗಿನಿಂದ ಹೊಚ್ಚ ಹೊಸದಾಗಿ ಕಾಣುವ ಪ್ರತಿಯ ಒಳಗೆ ಆ ಚೌಕ ಇಲ್ಲದಿದ್ದರೆ ಬೆಲೆ ಪಾತಾಳಕ್ಕೆ ಇಳಿಯುತ್ತದೆ. ಲಿಸ್ಟಿಂಗ್‌ನಲ್ಲಿ ಸ್ಟಾಂಪಿನ ಸೊಲ್ಲೇ ಇಲ್ಲದಿದ್ದರೆ ಇಲ್ಲ ಎಂದೇ ಹಿಡಿಯಿರಿ.

ಫೋಟೋ ಕೇಳುವ ಕ್ರಮ

ಮುದ್ರಣ ವಿವರ ಸರಿಹೋದರೆ ಇನ್ನೈದು ಬೇಕು: ಪ್ಲಾಸ್ಟಿಕ್ ಕವರಿನಿಂದ ಹೊರಗೆ ತೆಗೆದು ಮುಂದಿನ ಮತ್ತು ಹಿಂದಿನ ಮುಖಪುಟ; ಪೂರ್ತಿ ಉದ್ದಕ್ಕೆ ಬೆನ್ನು; ಎರಡೂ ಪಿನ್ ಕಾಣುವಂತೆ ನಡುವಿನ ಹಾಳೆ; ಕಿಟಕಿ ಪಕ್ಕ ಓರೆ ಬೆಳಕಿನಲ್ಲಿ ಮುಖಪುಟ ಇನ್ನೊಮ್ಮೆ. ಈ ಕೊನೆಯದನ್ನು ಬಿಡಬೇಡಿ. ಫ್ಲಾಶ್ ಹಾಕಿದರೂ ಸ್ಕ್ಯಾನರ್‌ನಲ್ಲಿ ಇಟ್ಟರೂ ಮಡಿಕೆಗಳು ಮಾಯವಾಗುತ್ತವೆ, ಓರೆ ಬೆಳಕಿನಲ್ಲಿ ಪ್ರತಿ ಗೀರೂ ಎದ್ದು ಕಾಣುತ್ತದೆ. ಪ್ಲಾಸ್ಟಿಕ್ ಕವರಿನ ಮೇಲಿಂದ ತೆಗೆದ ಫೋಟೋದ ಹೊಳಪು ಎಲ್ಲಿದೆಯೋ, ಹರುಕೂ ಸಾಮಾನ್ಯವಾಗಿ ಅಲ್ಲೇ ಇರುತ್ತದೆ.

ಪುಸ್ತಕದ ಪಕ್ಕದಲ್ಲಿ ಹೆಸರು, ತಾರೀಕು ಬರೆದ ಚೀಟಿ ಇಟ್ಟು ಫೋಟೋ ಕೇಳುವ ರೂಢಿ ಇದೆ. ಈಗ ಚೀಟಿಯನ್ನು ಎಡಿಟ್ ಮಾಡಿ ಸೇರಿಸುವುದು ಮಕ್ಕಳಾಟ. ಚೀಟಿಯನ್ನು ನಡುಪುಟದೊಳಗೆ ಅರ್ಧ ಸಿಕ್ಕಿಸಿ, ಹಾಳೆಯ ನೆರಳು ಚೀಟಿಯ ಮೇಲೆ ಬೀಳುವಂತೆ ತೆಗೆಯಲು ಹೇಳಿ. ಅದಕ್ಕಿಂತ ಒಳ್ಳೆಯದು 20 ಸೆಕೆಂಡಿನ ವಿಡಿಯೋ: ಪುಸ್ತಕ ಎತ್ತಿ, ತಿರುಗಿಸಿ, ನೀವು ಹೇಳಿದ ಪುಟವನ್ನು, ಉದಾಹರಣೆಗೆ 14ನೆಯದನ್ನು, ತೆರೆದು ತೋರಿಸಲಿ. ಯಾವ ಪುಟ ಅಂತ ವಿಡಿಯೋ ಕೇಳುವ ಗಳಿಗೆಯ ತನಕ ಹೇಳಬೇಡಿ.

ಬಂದ ಫೋಟೋವನ್ನು ಗೂಗಲ್ ಲೆನ್ಸ್‌ಗೆ ಹಾಕಿ. ಏನೂ ಸಿಗದಿದ್ದರೆ ಎಡಬಲ ಮಗುಚಿ ಮತ್ತೊಮ್ಮೆ, ಬರೀ ಒಂದು ಮೂಲೆ ಕತ್ತರಿಸಿ ಇನ್ನೊಮ್ಮೆ ಹಾಕಿ. ಕದ್ದ ಫೋಟೋವನ್ನು ಒಂದಿಷ್ಟು ಕ್ರಾಪ್ ಮಾಡಿ, ಬಣ್ಣ ಬದಲಿಸಿ ಹಾಕುವುದು ಮಾಮೂಲಿ. ಬೇರೆಲ್ಲೋ ಮಾರಾಟವಾದ ಪ್ರತಿ ಸಿಕ್ಕರೆ ಮಡಿಕೆ, ಮಸಿ ಕಲೆ, ಪಿನ್ನಿನ ತುಕ್ಕು ಹೋಲಿಸಿ ನೋಡಿ. ಎರಡು ಹಳೇ ಪ್ರತಿಗಳ ಗಾಯ ಒಂದೇ ಥರ ಇರುವುದಿಲ್ಲ.

ನಮ್ಮಲ್ಲಿಯ ಪ್ರತಿಗಳಿಗೆ ವಿಶೇಷವಾದ ಒಂದು ದೋಷ ಬೈಂಡಿಂಗ್. ಬಡಾವಣೆಯ ಸರ್ಕ್ಯುಲೇಟಿಂಗ್ ಲೈಬ್ರರಿಗಳೂ ಮನೆಯವರೂ ಐದಾರು ಕಾಮಿಕ್ಸ್ ಸೇರಿಸಿ ಬೈಂಡ್ ಮಾಡಿಸುತ್ತಿದ್ದರು. ಈಗ ಅದನ್ನು ಬಿಚ್ಚಿ ಬಿಡಿಬಿಡಿಯಾಗಿ ಮಾರುತ್ತಾರೆ. ಬೆನ್ನಿನಿಂದ ಅರ್ಧ ಸೆಂಟಿಮೀಟರ್ ಒಳಗೆ ದಾರ ಹೋದ ಸಣ್ಣ ತೂತುಗಳ ಸಾಲು, ಬೆನ್ನಿನ ಮೇಲೆ ಒಣಗಿದ ಮೈದಾ ಅಂಟು, ಇವು ಸಾಕ್ಷಿ. ಅದಕ್ಕಿಂತ ದೊಡ್ಡ ನಷ್ಟ ಕಣ್ಣಿಗೆ ಬೀಳುವುದಿಲ್ಲ: ಬೈಂಡರ್ ಮೂರು ಬದಿಯನ್ನೂ ಕಟಿಂಗ್ ಮಷಿನ್ನಿನಲ್ಲಿ ಕತ್ತರಿಸಿರುತ್ತಾನೆ. ಅಂಚುಗಳು ಹೊಸದರಂತೆ ಚೂಪಾಗಿ ಕಾಣುತ್ತವೆ, ಮಾರುವವನು ಅದನ್ನೇ "ಶಾರ್ಪ್ ಎಡ್ಜಸ್" ಎಂದು ಹೊಗಳುತ್ತಾನೆ. ಅದೇ ಮಾಲಿಕೆಯ ಖಚಿತವಾದ ಪ್ರತಿಯೊಂದನ್ನು ಅಳೆದಿಟ್ಟುಕೊಂಡು ಇದರ ಉದ್ದಗಲ ಮಿಲಿಮೀಟರಿನಲ್ಲಿ ಕೇಳಿ. ಮೂರು ನಾಲ್ಕು ಮಿಲಿಮೀಟರ್ ಕಡಿಮೆ ಬಂದರೆ, ಮುಖಪುಟದ ಲೋಗೋ ಅಂಚಿಗೆ ತೀರಾ ಹತ್ತಿರ ಇದ್ದರೆ, ಕತ್ತರಿ ಬಿದ್ದಿದೆ. ಲೈಬ್ರರಿ ಸೀಲು ಇದ್ದರೆ ಅದು ಪ್ರಾಮಾಣಿಕ ದೋಷ, ಬೆಲೆ ಇಳಿಸಿ ಕೊಳ್ಳಬಹುದು. ಸೀಲನ್ನು ಉಜ್ಜಿ ಅಳಿಸಿದ ತೆಳು ಜಾಗ ಕಂಡರೆ ಮಾತ್ರ ಆ ಮಾರಾಟಗಾರನ ಉಳಿದ ಮಾತುಗಳನ್ನೂ ತೂಗಿ ನೋಡಿ.

ಪುಸ್ತಕ ಕೈಗೆ ಬಂದ ಮೇಲೆ, ಅಥವಾ ನೇರ ಭೇಟಿಯಲ್ಲಿ

ಬೆಂಗಳೂರಿನವರೇ ಆದರೆ ಪಾರ್ಸೆಲ್ ಯಾಕೆ? ಹಗಲಲ್ಲಿ, ಎಂ.ಜಿ. ರೋಡ್ ಮೆಟ್ರೋ ಹತ್ತಿರದ ಯಾವುದಾದರೂ ಕಾಫಿ ಅಂಗಡಿಯಲ್ಲಿ ಕೂತು ನೋಡಿ ಕೊಳ್ಳಿ. ಜತೆಗೆ 10 ಪಟ್ಟು ದೊಡ್ಡದು ಮಾಡಿ ತೋರಿಸುವ ಭೂತಗನ್ನಡಿ, 365 ನ್ಯಾನೋಮೀಟರ್‌ನ ಯುವಿ ಟಾರ್ಚ್, ಮಿಲಿಮೀಟರ್ ಸ್ಕೇಲ್ ಇರಲಿ.

ಭೂತಗನ್ನಡಿಯಲ್ಲಿ ಚಿತ್ರ ನೋಡಬೇಡಿ, ಮಾತಿನ ಗುಳ್ಳೆಯೊಳಗಿನ ಅಕ್ಷರ ನೋಡಿ. ಮೂಲ ಮುದ್ರಣದಲ್ಲಿ ಕಪ್ಪು ಗೆರೆಗಳಿಗೆ ಪ್ರತ್ಯೇಕ ಪ್ಲೇಟ್ ಇರುತ್ತಿತ್ತು, ಹಾಗಾಗಿ ಅಕ್ಷರ ಒಂದೇ ಗಟ್ಟಿ ಕಪ್ಪು, ಅಂಚು ಕೊರೆದಂತೆ. ಸ್ಕ್ಯಾನ್ ಮಾಡಿ ಮತ್ತೆ ಅಚ್ಚು ಹಾಕಿದಾಗ ಅಕ್ಷರವೂ ಚಿತ್ರದ ಭಾಗವೇ ಆಗಿಬಿಡುತ್ತದೆ: ಅಂಚಿನಲ್ಲಿ ನೀಲಿ, ಕೆಂಪು, ಹಳದಿ ಚುಕ್ಕೆಗಳು ಉದುರಿರುತ್ತವೆ, ಅಕ್ಷರ ಒಡೆದಿರುತ್ತದೆ. ಹಳೇ ಮುದ್ರಣದಲ್ಲಿ ಬಣ್ಣ ಗೆರೆಯಿಂದ ಆಚೆ ಜರುಗಿರಬಹುದು, ಅದು ಸಹಜ. ಅಕ್ಷರ ಒಡೆಯುವುದು ಸಹಜವಲ್ಲ.

ಯುವಿ ಟಾರ್ಚನ್ನು ಕತ್ತಲಲ್ಲಿ ಒಳಹಾಳೆಯ ಮೇಲೆ ಹಿಡಿಯಿರಿ. ಈಗಿನ ಬಿಳಿ ಕಾಗದದಲ್ಲಿ ಬೆಳ್ಳಗಾಗಿಸುವ ರಾಸಾಯನಿಕ ಇರುವುದರಿಂದ ನೀಲಿಬಿಳಿಯಾಗಿ ಉರಿಯುತ್ತದೆ. ಹಳೇ ನ್ಯೂಸ್‌ಪ್ರಿಂಟ್ ಮಂಕಾಗಿ ಉಳಿಯುತ್ತದೆ. ಒಂದೇ ಪುಸ್ತಕದಲ್ಲಿ ಎರಡು ಹಾಳೆ ಮಾತ್ರ ಉರಿದರೆ ಅವು ಆಮೇಲೆ ಸೇರಿಸಿದವು. ಮುಖಪುಟದಲ್ಲಿ ಅಲ್ಲಲ್ಲಿ ಬೇರೆ ಥರ ಹೊಳೆದರೆ ಅಲ್ಲಿ ಅಂಟು ಅಥವಾ ಬಣ್ಣದ ತೇಪೆ. ಸ್ಕೆಚ್ ಪೆನ್ನಿನಿಂದ ಬೆನ್ನಿನ ಬಿಳಿ ಗೀರುಗಳಿಗೆ ಬಣ್ಣ ತುಂಬಿದ್ದರೆ ಮುಖಪುಟದ ಒಳಬದಿಗೆ ಮಸಿ ಇಳಿದಿರುತ್ತದೆ, ಅದಕ್ಕೆ ಟಾರ್ಚೂ ಬೇಡ.

ಕಾಗದ ಹಳದಿಯಾಗುವುದು ಅಂಚಿನಿಂದ ಒಳಕ್ಕೆ, ಗಾಳಿ ಬೆಳಕು ತಾಗಿದ ಕಡೆಯಿಂದ. ನಡುವಿನ ಹಾಳೆಯ ಮಧ್ಯವೂ ಅಂಚೂ ಒಂದೇ ಕಂದು ಬಣ್ಣವಿದ್ದರೆ, ಅಥವಾ ಅಲೆಅಲೆಯಾಗಿ ಕಲೆಯಿದ್ದರೆ, ಟೀ ನೀರಿನ ಕೆಲಸವಿರಬಹುದು. ಪಿನ್ ತುಕ್ಕು ಹಿಡಿದಿದ್ದರೆ ಅದರ ಸುತ್ತ ಕಾಗದಕ್ಕೂ ತುಕ್ಕಿನ ಕಲೆ ಇಳಿದಿರಬೇಕು. ಕಾಗದಕ್ಕೆ ಕಲೆ ಇದ್ದು ಪಿನ್ ಫಳಫಳ ಅಂದರೆ ಪಿನ್ ಬದಲಾಗಿದೆ, ಬಹುಶಃ ಮುಖಪುಟವೂ.

ಗಾಜಿನಂಥ ಕೇಸಿನಲ್ಲಿ ಬಂದದ್ದು

ಅಮೆರಿಕದ ಸಿಜಿಸಿ ಸಂಸ್ಥೆ ಪುಸ್ತಕಕ್ಕೆ 0.5ರಿಂದ 10.0ರವರೆಗೆ ದರ್ಜೆ ಕೊಟ್ಟು ಪ್ಲಾಸ್ಟಿಕ್ ಕೇಸಿನಲ್ಲಿ ಮುಚ್ಚಿ ಕಳಿಸುತ್ತದೆ. ಲೇಬಲ್ ನೀಲಿಯಾದರೆ ಮಾಮೂಲಿ, ನೇರಳೆಯಾದರೆ ರಿಪೇರಿಯಾದದ್ದು, ಹಸಿರಾದರೆ ದೊಡ್ಡದೊಂದು ದೋಷವನ್ನು ಪಕ್ಕಕ್ಕಿಟ್ಟು ದರ್ಜೆ ಕೊಟ್ಟದ್ದು, ಹಳದಿಯಾದರೆ ಅವರ ಸಾಕ್ಷಿಯ ಎದುರು ಸಹಿ ಹಾಕಿಸಿದ್ದು. ನೇರಳೆ, ಹಸಿರು ಲೇಬಲ್ಲನ್ನು ಕಪ್ಪುಬಿಳುಪು ಫೋಟೋದಲ್ಲಿ ತೋರಿಸಿದರೆ ಕಾರಣ ಕೇಳುವ ಅಗತ್ಯವಿಲ್ಲ. ಲೇಬಲ್ಲಿನ ಸಂಖ್ಯೆಯನ್ನು ಸಿಜಿಸಿ ವೆಬ್‌ಸೈಟಿನಲ್ಲಿ ಹಾಕಿ, ಹೆಸರು, ದರ್ಜೆ, ಟಿಪ್ಪಣಿ ತಾಳೆ ನೋಡಿ. ಅಷ್ಟೇ ಸಾಲದು. ನಿಜವಾದ ಸಂಖ್ಯೆಯ ಕೇಸನ್ನು ಬಿಚ್ಚಿ ಒಳಗಿನ ಪುಸ್ತಕ ಬದಲಿಸುವ ದಂಧೆ 2023ರ ಕೊನೆಗೆ ಬಯಲಾಯಿತು. ಸಂಖ್ಯೆಯ ಜತೆ ಫೋಟೋ ದಾಖಲೆ ಇದ್ದರೆ ಪುಸ್ತಕದ ಗಾಯಗಳನ್ನು ಹೋಲಿಸಿ. ಕೇಸಿನ ಅಂಚಿನಲ್ಲಿ ಬಿರುಕು, ಮಂಜಿನಂಥ ಬಿಳಿಗಲೆ ಇದೆಯೇ ನೋಡಿ.

ಬಿಡ್‌ಗಳ ನಡೆ

ಹರಾಜು ತಾಣ ಈಬೇಯ ಭಾರತದ ಶಾಖೆ 2018ರಲ್ಲೇ ಮುಚ್ಚಿತು, ಈಗ ಕೊಳ್ಳುವುದೇನಿದ್ದರೂ ಅದರ ವಿದೇಶಿ ತಾಣಗಳಿಂದ. ಅಲ್ಲಿ ಬಿಡ್ ಇತಿಹಾಸ ತೆರೆದು ಒಬ್ಬೊಬ್ಬರ ಮೇಲೂ ಕ್ಲಿಕ್ ಮಾಡಿ. ಮೂವತ್ತು ದಿನದಲ್ಲಿ ಎಷ್ಟು ಬಿಡ್, ಅದರಲ್ಲಿ ಈ ಮಾರಾಟಗಾರನಿಗೇ ಎಷ್ಟು ಪಾಲು, ಎಷ್ಟು ಸಲ ಬಿಡ್ ಹಿಂತೆಗೆದಿದ್ದಾರೆ ಎಂಬುದು ಸಿಗುತ್ತದೆ. ಫೀಡ್‌ಬ್ಯಾಕ್ ಸೊನ್ನೆ, ಪಾಲು 100 ಶೇಕಡಾ, ಹತ್ತಾರು ಬಿಡ್ ಹಾಕಿ ಒಂದನ್ನೂ ಗೆಲ್ಲದವರು ಇದ್ದರೆ ಬೆಲೆ ಏರಿಸಲು ಕೂರಿಸಿದವರು ಎಂದುಕೊಳ್ಳಿ. ಹೊಸದಾಗಿ ಸೇರಿದ ಪ್ರಾಮಾಣಿಕ ಗಿರಾಕಿಗೂ ಒಂದೇ ಮಾರಾಟಗಾರನ ಪಾಲು ಹೆಚ್ಚಿರಬಹುದು, ಅದಕ್ಕೇ ಮೂರನ್ನೂ ಒಟ್ಟಿಗೆ ನೋಡಬೇಕು. ಮಾರಾಟಗಾರನ ಹಿಂದಿನ ವ್ಯಾಪಾರವೂ ಮುಖ್ಯ: ಐದು ವರ್ಷ ಮೊಬೈಲ್ ಕವರ್ ಮಾರಿದ ಖಾತೆ ಇದ್ದಕ್ಕಿದ್ದಂತೆ ಒಂದೇ ದಿನ ಇಪ್ಪತ್ತು ದುಬಾರಿ ಕಾಮಿಕ್ಸ್ ಇಟ್ಟರೆ ಖಾತೆ ಯಾರೋ ಕದ್ದಿರಬಹುದು.

ವಾಟ್ಸಾಪ್, ಫೇಸ್‌ಬುಕ್ ಗುಂಪಿನ ಹರಾಜಿನಲ್ಲಿ ಈ ಯಾವ ದಾಖಲೆಯೂ ಇಲ್ಲ. ಅಲ್ಲಿ ನೋಡಬೇಕಾದ್ದು ಬೇರೆ. ಅಡ್ಮಿನ್ನೇ ಮಾರುತ್ತಾ ಅಡ್ಮಿನ್ನೇ ಸಮಯ ಮುಗಿಸುತ್ತಾನೆಯೇ? ಗೆದ್ದವರು "ಹಿಂದೆ ಸರಿದರು, ನಿಮ್ಮ ಬಿಡ್‌ಗೇ ಕೊಡ್ತೀನಿ" ಎಂಬ ಮೆಸೇಜು ಪದೇಪದೇ ಬರುತ್ತದೆಯೇ? ಬಂದರೆ ಗೆದ್ದವರು ಅವರ ಕಡೆಯವರೇ. ಆಗ ನಿಮ್ಮ ಕೊನೆಯ ಬಿಡ್ ಕೊಡಬೇಡಿ. ಅನುಮಾನದ ಹೆಸರುಗಳನ್ನೆಲ್ಲ ತೆಗೆದುಹಾಕಿದರೆ ನೀವು ಯಾವ ಬೆಲೆಗೆ ಗೆಲ್ಲುತ್ತಿದ್ದಿರೋ ಅಷ್ಟು ಹೇಳಿ. ಒಪ್ಪದಿದ್ದರೆ ಬಿಡಿ, ಅದೇ ಪುಸ್ತಕ ಮುಂದಿನ ಭಾನುವಾರ ಮತ್ತೆ ಹರಾಜಿಗೆ ಬರುತ್ತದೆ.

ವಿವರಣೆಯೊಳಗಿನ ವಿರೋಧವೂ ಸುಳಿವು. "ನನಗೆ ಕಾಮಿಕ್ಸ್ ಬಗ್ಗೆ ಏನೂ ಗೊತ್ತಿಲ್ಲ, ತಾತನದ್ದು" ಅನ್ನುವ ಮನುಷ್ಯ ಮುಂದಿನ ಸಾಲಿನಲ್ಲೇ ಪಳಗಿದ ಸಂಗ್ರಾಹಕರ ಭಾಷೆಯಲ್ಲಿ "ನಿಯರ್ ಮಿಂಟ್, ಆಫ್‌ವೈಟ್ ಪೇಜಸ್, ನೋ ರಿಟರ್ನ್" ಅಂದರೆ ಎರಡರಲ್ಲಿ ಒಂದು ಸುಳ್ಳು.

ದುಡ್ಡು ಕೊಡುವಾಗ

ವಿದೇಶಿ ತಾಣದಲ್ಲಿ ಹಣ ತಾಣದೊಳಗೇ ಕಟ್ಟಿ. "ಹೊರಗೆ ಕೊಟ್ಟರೆ ಡಿಸ್ಕೌಂಟ್" ಅಂದವರಿಗೆ ಕೊಟ್ಟರೆ ಈಬೇಯ ಹಣ ವಾಪಸ್ ಭರವಸೆ ಹೋಯಿತು. ಒಳಗೇ ಕಟ್ಟಿದ್ದರೆ ಪುಸ್ತಕ ವಿವರಣೆಗೆ ಹೊಂದದಿದ್ದಾಗ 30 ದಿನದೊಳಗೆ ದೂರು ಹಾಕಬಹುದು.

ಇಲ್ಲಿಯ ಗುಂಪುಗಳಲ್ಲಿ ಯುಪಿಐ. ಕಳಿಸುವ ಮುಂಚೆ ಪರದೆಯಲ್ಲಿ ಬರುವ ಬ್ಯಾಂಕ್ ಖಾತೆಯ ಹೆಸರು ಮಾರುವವನ ಹೆಸರಿಗೆ ತಾಳೆಯಾಗಬೇಕು, "ಕಸಿನ್ ಅಕೌಂಟು" ಅಂದರೆ ನಿಲ್ಲಿಸಿ. ನೀವೇ ಮಾರುವವರಾಗಿದ್ದಾಗ ಗಿರಾಕಿ ಕ್ಯೂಆರ್ ಕಳಿಸಿ "ಸ್ಕ್ಯಾನ್ ಮಾಡಿ ಪಿನ್ ಹಾಕಿ, ದುಡ್ಡು ಬರುತ್ತೆ" ಅಂದರೆ ಅದು ನಿಮ್ಮ ದುಡ್ಡು ಹೋಗುವ ದಾರಿ; ಹಣ ಪಡೆಯಲು ಪಿನ್ ಬೇಕಾಗುವುದೇ ಇಲ್ಲ. ಅಂಚೆಯ ವಿಪಿಪಿಯಲ್ಲಿ ಪಾರ್ಸೆಲ್ ಬಂದ ಮೇಲೆ ಹಣ ಕೊಡುತ್ತೀರಿ, ಆದರೆ ಕೊಟ್ಟ ಮೇಲೇ ಬಿಚ್ಚುವುದು. ಬರಿಗೈ ಆಗುವುದು ತಪ್ಪುತ್ತದೆ, ಒಳಗೆ ಹಳೇ ಪೇಪರ್ ಇರುವುದು ತಪ್ಪುವುದಿಲ್ಲ. ಯಾವ ರೀತಿ ಬಂದರೂ ವಿಳಾಸದ ಚೀಟಿಯಿಂದ ಶುರುಮಾಡಿ, ನಿಲ್ಲಿಸದೆ, ಬಿಚ್ಚುವ ವಿಡಿಯೋ ತೆಗೆಯಿರಿ.

ಹಣ ಹೋಯಿತೆಂದು ಗೊತ್ತಾದ ಗಳಿಗೆಯಲ್ಲೇ 1930ಕ್ಕೆ ಕರೆ ಮಾಡಿ. ಕಳ್ಳನ ಖಾತೆಯಿಂದ ಮುಂದಕ್ಕೆ ಹೋಗುವಷ್ಟರಲ್ಲಿ ತಡೆಹಿಡಿಯುವುದೇ ಅದರ ಉದ್ದೇಶ, ಗಂಟೆಗಟ್ಟಲೆ ಯೋಚಿಸಿದರೆ ಕೈಗೆ ಸಿಗುವುದಿಲ್ಲ. ಯುಪಿಐನ 12 ಅಂಕಿಯ ವಹಿವಾಟು ಸಂಖ್ಯೆ ಕೈಯಲ್ಲಿರಲಿ. ಆಮೇಲೆ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ದಾಖಲಿಸಿ, ಅದರ ಪ್ರತಿ ಹಿಡಿದು ನಿಮ್ಮ ವಿಭಾಗದ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಪೊಲೀಸ್ ಠಾಣೆಗೆ ಹೋಗಿ. ನೀವೇ ಪಿನ್ ಒತ್ತಿ ಕಳಿಸಿದ ಹಣವನ್ನು ಬ್ಯಾಂಕ್ ತನ್ನ ಜೇಬಿನಿಂದ ತುಂಬಿಕೊಡುತ್ತದೆ ಎಂದು ಕಾಯಬೇಡಿ. ಸ್ಕ್ರೀನ್‌ಶಾಟ್‌ಗಳನ್ನು ಮೋಸವಾದ ಮೇಲೆ ತೆಗೆಯಲು ಹೊರಟರೆ ಅಲ್ಲಿ ಏನೂ ಉಳಿದಿರುವುದಿಲ್ಲ, ಅವನು ಮೆಸೇಜು ಅಳಿಸಿ ಗುಂಪಿನಿಂದ ಹೊರಟಿರುತ್ತಾನೆ. ಲಿಸ್ಟಿಂಗ್, ಫೋನ್ ನಂಬರ್, ಮುದ್ರಣ ವಿವರದ ಫೋಟೋ, ಈ ಮೂರನ್ನೂ ಮೊದಲ ಬಿಡ್ ಹಾಕುವಾಗಲೇ ಒಂದು ಫೋಲ್ಡರಿಗೆ ಸೇರಿಸಿಬಿಡಿ.